ಟ್ರಿಗರ್ ಸಾರ್

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಯಾವ ಕಾರ್ಖಾನೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಾನು ಹೇಳುತ್ತಿರುವವರಿಗೆ ಹಾಜರಿ ಪುಸ್ತಕದಲ್ಲಿ ಏನೋ ಹೆಸರಿದೆ. ಸೆಕ್ಯುರಿಟಿಯಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ‘ಟ್ರಿಗರ್ ಸಾರ್’. ಡೇಟಾಬೇಸ್ ನೋಡಿಕೊಳ್ಳುವುದು ಕೆಲಸ.

ಒಳಗೆ ಬಂದವನನ್ನು ಬಂದ ಹಾಗೇ ಬಿಡಬಾರದು ಅನ್ನುವುದು ಅವರ ಸಿದ್ಧಾಂತ. ಅದಕ್ಕೇ ಒರಾಕಲ್‌ನಲ್ಲಿ ಲಾಗಾನ್ ಟ್ರಿಗರ್ ಬರೆದಿಟ್ಟಿದ್ದಾರೆ. ಸ್ಟೋರ್ಸಿನವನು ಪಾಸ್‌ವರ್ಡ್ ಒತ್ತಿದ್ದೇ ತಡ, ಅವನು ಒಂದು ಕ್ವೆರಿ ಹಾಕುವ ಮುಂಚೆಯೇ ಅದು ತಾನಾಗಿ ಓಡಿ ತಾರೀಖನ್ನು ದಿನ-ತಿಂಗಳು-ವರ್ಷ ಮಾಡುತ್ತದೆ, ಸರಿಯಾದ ಸ್ಕೀಮಾದಲ್ಲಿ ಕೂರಿಸುತ್ತದೆ, ಯಾರು, ಯಾವ ಕಂಪ್ಯೂಟರು, ಎಷ್ಟು ಗಂಟೆ ಎಂದು ಲಾಗ್ ಟೇಬಲ್‌ನಲ್ಲಿ ಬರೆದುಕೊಳ್ಳುತ್ತದೆ. ಮುಂಚೆ 03-04 ಅಂದರೆ ಸ್ಟೋರ್ಸಿಗೆ ಏಪ್ರಿಲ್ 3, ಅಕೌಂಟ್ಸಿಗೆ ಮಾರ್ಚ್ 4. ಆ ಜಗಳ ನಿಂತದ್ದು ಸಾರ್ ಪುಣ್ಯ, ಸುಳ್ಳು ಹೇಳಬಾರದು.

ಆದರೆ ಚಾಳಿ ಗೇಟು ದಾಟಿ ಮನೆಗೂ ಹೋಗಿದೆ. ಗುಬ್ಬಿಯಿಂದ ಅಳಿಯ ಬಂದರೆ ಹೊಸ್ತಿಲಲ್ಲೇ ಶುರು:

“ಚಪ್ಪಲಿ ಜೋಡಿಸಿಡು. ಮೊಬೈಲ್ ಸೈಲೆಂಟ್‌ಗೆ ಹಾಕು. ಎಷ್ಟು ಗಂಟೆಗೆ ಬಸ್ ಹತ್ತಿದೆ?”

“ಮಾವ, ಸ್ವಲ್ಪ ನೀರು...”

“ಅದೆಲ್ಲಾ ಆಮೇಲೆ.”

ತರಕಾರಿ ಮಾರುಕಟ್ಟೆಯಲ್ಲೂ ಅಷ್ಟೇ. ತಕ್ಕಡಿ ಮೆಷಿನ್ ಸೊನ್ನೆಗೆ ಬರುವವರೆಗೆ ಟೊಮೆಟೊ ರೇಟು ಕೇಳುವುದಿಲ್ಲ. ಬಂದ ಮೇಲೆ ಕೇಳಿ, ಜಾಸ್ತಿಯಾಯಿತೆಂದು ವಾಪಸ್ ಬರುತ್ತಾರೆ.

ಒಂದು ತಿಂಗಳ ಕೊನೆಯಲ್ಲಿ ಲಾಗ್ ಟೇಬಲ್‌ಗೆ ಜಾಗ ಮುಗಿಯಿತು. ಟ್ರಿಗರ್ ಬರೆಯಲು ಹೋಗಿ ಎಡವಿತು. ಟ್ರಿಗರ್ ಎಡವಿದರೆ ಲಾಗಿನ್ನೂ ಇಲ್ಲ. ಇಡೀ ಕಾರ್ಖಾನೆಯ ಪರದೆ ಮೇಲೆ ಓಆರ್‌ಎ-04088. ಡಿಸ್ಪ್ಯಾಚ್‌ನವರು ಓಡಿ ಬಂದರು: “ಸಾರ್, ಲೋಡಾದ ಲಾರಿ ಗೇಟಲ್ಲಿ ನಿಂತಿದೆ, ಇನ್‌ವಾಯ್ಸ್ ಬರ್ತಿಲ್ಲ!”

ಸಾರ್ ಲಾಗಿನ್ ಮಾಡಿ ತೋರಿಸಿದರು. “ನನಗೆ ಬರ್ತಿದೆಯಲ್ಲಾ ರೀ?”

ಬಂದೇ ಬರುತ್ತದೆ. ಟ್ರಿಗರ್ ಆಡಳಿತದ ಅಧಿಕಾರ ಇರುವವರನ್ನು, ಟ್ರಿಗರ್ ಕೆಟ್ಟರೂ ಒರಾಕಲ್ ಒಳಗೆ ಬಿಡುತ್ತದೆ. ರಿಪೇರಿಯವನೇ ಹೊರಗುಳಿದರೆ ಗತಿಯೇನು? ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇಂಥದೇ ಕೆಲಸ ಮಾಡುವ ಇನಿಟ್-ಕನೆಕ್ಟ್ ಕೂಡ ಸೂಪರ್ ಅಧಿಕಾರದವರ ತಂಟೆಗೆ ಹೋಗುವುದಿಲ್ಲ. ಹೀಗಾಗಿ ತನ್ನ ಟ್ರಿಗರ್‌ನ ಕಾಟ ಸಾರ್‌ಗೆ ಮಾತ್ರ ಇಲ್ಲ. “ನೀವೆಲ್ಲಾ ಏನೋ ತಪ್ಪು ಮಾಡ್ತಿದ್ದೀರಿ” ಎಂದು ಅರ್ಧ ಗಂಟೆ ಎಲ್ಲರ ಪಾಸ್‌ವರ್ಡ್ ಬದಲಾಯಿಸಿದರು.

2024ರಲ್ಲಿ ಪೋಸ್ಟ್‌ಗ್ರೆಸ್ 17ಕ್ಕೂ ಲಾಗಿನ್ ಟ್ರಿಗರ್ ಬಂತೆಂದು ತಿಳಿದ ದಿನ ಕ್ಯಾಂಟೀನಿನಲ್ಲಿ ಮೈಸೂರು ಪಾಕ್ ಹಂಚಿದರು. ಕೈ ತೊಳೆದು, ಸಹಿ ಹಾಕಿದವರಿಗೆ ಮಾತ್ರ.