ಬೆಣ್ಣೆಗೆ ಆಗದ ಬಿಸಿಲು

ಏಪ್ರಿಲ್ ತಿಂಗಳಲ್ಲಿ ಕೊಪ್ಪಳದ ಮನೆಯಲ್ಲಿ ಹಣ್ಣಿನ ಪಫ್ ಮಾಡಲು ಹೊರಡುವವರ ಧೈರ್ಯವನ್ನು ಮೆಚ್ಚಬೇಕು, ಬುದ್ಧಿಯನ್ನಲ್ಲ. ಪಫ್ ಪದರ ಬಿಡುವುದು ಹಿಟ್ಟಿನ ನಡುವೆ ಬೆಣ್ಣೆ ತಣ್ಣಗೆ, ಗಟ್ಟಿಯಾಗಿ ಇದ್ದಾಗ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಗೆ; ಇಲ್ಲಿನ ಮಧ್ಯಾಹ್ನ 40ರ ಹತ್ತಿರ. ಲಟ್ಟಣಿಗೆ ಎರಡನೇ ಸಲ ಉರುಳುವಷ್ಟರಲ್ಲಿ ಬೆಣ್ಣೆ ಹಿಟ್ಟಿನೊಳಗೆ ಲೀನ. ಓವನ್ನಿನಿಂದ ಹೊರಬರುವುದು ದಪ್ಪ ಬಿಸ್ಕತ್ತು. ಫ್ರಿಜ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಪ್ರತಿ ಮಡಿಕೆಗೂ ಅರ್ಧ ಗಂಟೆ ಒಳಗಿಡಬೇಕು, ಅಷ್ಟು ಹೊತ್ತು ಕರೆಂಟೂ ಇರಬೇಕು.

ಹೂರಣದ್ದು ಇನ್ನೊಂದು ತಕರಾರು. ಕುಷ್ಟಗಿ, ಯಲಬುರ್ಗಾ ಸೀಮೆಯ ದಾಳಿಂಬೆ ತುಂಬಿದರೆ ಕಾಳು ಬಿಸಿಗೆ ನೀರು ಬಿಡುತ್ತದೆ. ತಳ ಒದ್ದೆ, ಹಲ್ಲಿಗೆ ಬರೀ ಬೀಜ. ದಾಳಿಂಬೆ ಬಿಡಿಸಿ ತಿನ್ನುವ ಹಣ್ಣು. ಅದನ್ನು ಬೇಯಿಸುವುದು ರೇಷ್ಮೆ ಸೀರೆಯನ್ನು ಕಲ್ಲಿಗೆ ಬಡಿದು ಒಗೆದ ಹಾಗೆ. ಕೊಪ್ಪಳದ ಕೇಸರ್ ಮಾವಿನ ಮಾತೇ ಬೇರೆ. ಅದರ ರಸಕ್ಕೆ ಸಕ್ಕರೆ, ಹುರಿದ ರವೆ ಹಾಕಿ ಕಾಸಿದರೆ ನೀರನ್ನೆಲ್ಲ ರವೆ ಹೀರಿ, ಉಂಡೆ ಕಟ್ಟುವ ಹೂರಣವಾಗುತ್ತದೆ. ಕಣಕದಲ್ಲಿಟ್ಟು ತಟ್ಟಿ ಹಂಚಿಗೆ ಹಾಕಿದರೆ ಮಾವಿನ ಹೋಳಿಗೆ. ಹೋಳಿಗೆಗೆ ಪದರ ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ; ನ್ಯಾಯವೇ. ಪದರವೇ ಬೇಕಾದರೆ ಚಿರೋಟಿ ಇದೆ: ತುಪ್ಪದಲ್ಲಿ ಕಲಸಿದ ಅಕ್ಕಿಹಿಟ್ಟು ಸವರಿ, ಸುತ್ತಿ, ಲಟ್ಟಿಸಿ ಕರಿಯುವುದು. ತುಪ್ಪ ಮೊದಲೇ ಕರಗಿದ್ದು, ಬಿಸಿಲಿಗೆ ಅದಕ್ಕೇನು ಭಯ? ಅಕ್ಕಿಯೂ ಗಂಗಾವತಿಯದೇ. ಮೇಲೆ ಮಾವಿನ ಶೀಕರಣಿ ಸುರಿದರೆ ಹಣ್ಣಿನ ಕೊರತೆಯೂ ನೀಗಿತು. ಓವನ್ ಕೊಂಡವರು ಅದರಲ್ಲಿ ಶೇಂಗಾ ಹುರಿದುಕೊಳ್ಳಬಹುದು.