ಅರತಲಿನೋವಿನ ಪ್ರಮಾಣ ಮೀಮಾಂಸೆ: ಅಬ್ಬಿಗೇರಿ ಕಟ್ಟೆಯನ್ನು ಅನುಲಕ್ಷಿಸಿ

ಪೀಠಿಕೆ: ಸುಶ್ರುತಾಚಾರ್ಯರು 11 ಬಗೆಯ ಶಿರೋರೋಗಗಳನ್ನು ಎಣಿಸಿ, ಅರ್ಧಾವಭೇದಕವನ್ನೂ, ಅಂದರೆ ಇಂದಿನ ವೈದ್ಯರು ಮೈಗ್ರೇನ್ ಎನ್ನುವ ಅರತಲಿನೋವನ್ನೂ, ಅವುಗಳೊಳಗೆ ಸೇರಿಸಿದರು. 12ನೆಯದಾದ ‘ಕೆಲಸಗಳ್ಳ ತಲಿನೋವು’ ಅವರ ಕಣ್ಣಿಗೆ ಬೀಳಲಿಲ್ಲ. ಅದನ್ನು ಶೋಧಿಸಿದ ಕೀರ್ತಿ ಗದಗ ಜಿಲ್ಲೆಯ ಅಬ್ಬಿಗೇರಿಯ ಕಟ್ಟೆಗೆ ಸಲ್ಲತಕ್ಕದ್ದು. ಕಾಣದ ನೋವನ್ನು ಊರು ಯಾವ ಆಧಾರದ ಮೇಲೆ ಒಪ್ಪುತ್ತದೆ ಎಂಬುದೇ ಪ್ರಸ್ತುತ ಜಿಜ್ಞಾಸೆ. ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳನ್ನೇ ಹಿಡಿದು ಸಾಗೋಣ.

ಪ್ರತ್ಯಕ್ಷ: ನೋವು ಕಾಣುವುದಿಲ್ಲ, ಅರಿವಿ ಕಾಣುತ್ತದೆ. ಹಳೇ ಧೋತರದ ಅಂಚು ಹರಿದು ಹಣೆಗೆ ಬಿಗಿದು, ಶುಂಠಿ ತೇದು ಹಚ್ಚಿಕೊಂಡು ಪಡಸಾಲೆಯಲ್ಲಿ ಕುಂತವಳಿಗೆ ತಲಿನೋವು ಉಂಟು. ಕಿಟಕಿ ಮುಚ್ಚಿ ಒಳಗೆ ಮಲಗಿದವಳಿಗೆ ಇಲ್ಲ, ಆಕೆಗಿರುವುದು ನಿದ್ದೆ. ಬೆಳಕು, ಸದ್ದು, ಮೆಣಸಿನಕಾಯಿ ಹುರಿವ ಘಾಟು ಅರತಲಿನೋವಿನವರಿಗೆ ಆಗಿಬರುವುದಿಲ್ಲ ಎಂಬ ವೈದ್ಯರ ಮಾತು ಇಲ್ಲಿ ಅಪ್ರಸ್ತುತ.

ಅನುಮಾನ: ಹೊಗೆ ಕಂಡಲ್ಲಿ ಬೆಂಕಿ ಉಂಟೆಂಬುದು ತಾರ್ಕಿಕರ ಮತ. ಒಲೆಯಲ್ಲಿ ಹೊಗೆ ಕಾಣದಿದ್ದರೆ ಸೊಸೆಗೆ ತಲಿನೋವು ಉಂಟೆಂಬುದು ಅತ್ತೆಯರ ಮತ. ಗಂಡಸರಿಗಿಂತ ಹೆಂಗಸರಲ್ಲಿ ಅರತಲಿನೋವು ಎರಡು-ಮೂರು ಪಟ್ಟು ಹೆಚ್ಚೆಂಬ ವೈದ್ಯಕೀಯ ಅಂಕಿಯನ್ನು ಕಟ್ಟೆ ತನ್ನ ವಾದಕ್ಕೇ ಪುರಾವೆಯಾಗಿ ಬಳಸಿಕೊಂಡಿದೆ.

ಉಪಮಾನ: ‘ನಮ್ಮ ಅತ್ತಿ ಮಗಳಿಗೂ ಹಿಂಗ ಆಗಿತ್ತ. ಪಿತ್ತ ಅಷ್ಟ, ಲಿಂಬಿಹಣ್ಣ ಹಿಂಡಿ ಕುಡಿ.’ ವ್ಯಾಖ್ಯಾನ ಅನಗತ್ಯ.

ಶಬ್ದ: ಕಿರಾಣಿ ಅಂಗಡಿಯವನದೇ ಆಪ್ತವಾಕ್ಯ: ‘ಇನ್ನೊಂದ ಗುಳಿಗಿ ತಗೋರಿ.’ ನೋವಿನ ಸಾದಾ ಗುಳಿಗೆಯನ್ನೂ ತಿಂಗಳಿಗೆ 15 ದಿನದಂತೆ ಮೂರು ತಿಂಗಳು ಮೀರಿ ನುಂಗಿದರೆ ಗುಳಿಗೆಯೇ ತಲಿನೋವು ತರಬಲ್ಲದು. ನೋವಿನಿಂದ ಗುಳಿಗೆಯೋ, ಗುಳಿಗೆಯಿಂದ ನೋವೋ? ಬೀಜವೃಕ್ಷ ನ್ಯಾಯಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ಸಿಗದು.

ಪರಪಕ್ಷ: ತಿಂಗಳಲ್ಲಿ 15 ದಿನವಾದರೂ ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ ವೈದ್ಯರು. ಅವರು ಬರೆದುಕೊಟ್ಟ ತಡೆಗುಳಿಗೆಯನ್ನು ನೋವಿಲ್ಲದ ದಿನವೂ ನುಂಗಬೇಕು. ನೋವಿನ ಗುಳಿಗೆಯನ್ನು ನೋವಿದ್ದ ದಿನವೂ ಲೆಕ್ಕವಿಟ್ಟು ನುಂಗಬೇಕು. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ನೋವು ಬಂದ ದಿನ ಕ್ಯಾಲೆಂಡರಿನಲ್ಲೊಂದು ಗುರುತು. ಇಲ್ಲೇ ದರ್ಶನಗಳೆರಡು ಡಿಕ್ಕಿ ಹೊಡೆಯುತ್ತವೆ. ‘ನೋವ ಇಲ್ದಾಗ ಗುಳಿಗಿ ಯಾಕ ನುಂಗತಿ ಯವ್ವಾ?’ ಎಂಬ ನೆರೆಮನೆಯ ಆಯಿಯ ಪ್ರಶ್ನೆಗೆ ಯಾವ ವೈದ್ಯನೂ ಇನ್ನೂ ಆಯಿ ಒಪ್ಪುವ ಉತ್ತರ ಕೊಟ್ಟಿಲ್ಲ.

ಸಿದ್ಧಾಂತ: ನಿಮ್ಹಾನ್ಸ್ ತಜ್ಞರು ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮಾಡಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. ಆ ಲೆಕ್ಕಕ್ಕೆ ಕಟ್ಟೆಯ ಮೇಲೆ ಎಂಟು ಮಂದಿ ಕುಂತಿದ್ದರೆ ಇಬ್ಬರಿಗೆ ಇರಬೇಕು. ಯಾರ ಹಣೆಗೂ ಅರಿವಿ ಇಲ್ಲ. ಆದ್ದರಿಂದ ಸಮೀಕ್ಷೆ ತಪ್ಪು.

ಫಲಶ್ರುತಿ: ಈ ಪ್ರಬಂಧವನ್ನು ಮನಸ್ಸಿನಲ್ಲೇ ಓದಿಕೊಂಡವರಿಗೆ ಪುಣ್ಯ. ಮಲಗಿದವಳ ತಲೆದೆಸೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದವರಿಗೆ ಬರುವ ಜನ್ಮದಲ್ಲಿ ಅರತಲಿನೋವು, ಅದೂ ಅರಿವಿ ಸಿಗದ ಊರಿನಲ್ಲಿ.