ಮರಿಗುದುರೆ ಇರುವ ಮನೆಯ ಲಕ್ಷಣಶಾಸ್ತ್ರ

ಕುದುರೆಯ ಲಕ್ಷಣ ಹೇಳುವ ಶಾಸ್ತ್ರ ಈ ದೇಶದಲ್ಲಿ ಬಹಳ ಹಳೆಯದು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಒಂದು ಪರಂಪರೆಯೇ ನಿಂತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳಿಗೆ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. ಕನ್ನಡದಲ್ಲಿ ಅದೇ ಶತಮಾನಕ್ಕೆ ಕೀರ್ತಿವರ್ಮನ ‘ಗೋವೈದ್ಯ’ ಬಂತು, 1400ರ ಸುಮಾರಿಗೆ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ಸುಳಿ ಎಲ್ಲಿದ್ದರೆ ಶುಭ, ಎಲ್ಲಿದ್ದರೆ ಮನೆಹಾಳು, ಯಾವ ಬಣ್ಣದ ಕುದುರೆ ಯಾರಿಗೆ ಸಲ್ಲುತ್ತದೆ ಎಂಬುದನ್ನೆಲ್ಲ ಅಶ್ವಶಾಸ್ತ್ರದ ಪಂಡಿತರು ಕೂದಲು ಸೀಳಿ ಬರೆದಿಟ್ಟರು. ಆದರೆ ಕುದುರೆ ಕಟ್ಟಿಕೊಂಡ ಮನೆಯವರ ಲಕ್ಷಣಕ್ಕೆ ಶಾಸ್ತ್ರದಲ್ಲಿ ಅಧ್ಯಾಯವಿಲ್ಲ. ಮರಿ ಹಾಕಿದ ಕುದುರೆಯ ಮನೆಯಂತೂ ಪಂಡಿತರ ಕಣ್ಣಿಗೇ ಬಿದ್ದಂತಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅವರ ಕುದುರೆಗಳು ಅರಮನೆಯ ಲಾಯದಲ್ಲಿದ್ದವು. ಲದ್ದಿ ಬಾಚುವವನು ಬೇರೆ, ಶ್ಲೋಕ ಕಟ್ಟುವವನು ಬೇರೆ.

ಈ ಕೊರತೆ ತುಂಬಲು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಯೋಗ್ಯವಾದ ಕ್ಷೇತ್ರ. ಊರು ಕಾವೇರಿಯ ದಂಡೆಯಲ್ಲಿದೆ. ಎತ್ತು, ಎಮ್ಮೆ, ಆಡು, ಕುರಿ, ಕೋಳಿ, ಕೊನೆಗೆ ರೇಷ್ಮೆ ಹುಳವನ್ನೂ ಸಾಕಿ ಪಳಗಿದ ಸೀಮೆಯಿದು. ಕುದುರೆ ಮಾತ್ರ ಅಪರೂಪ, ಆದ್ದರಿಂದ ಶಾಸ್ತ್ರಕಾರನಿಗೆ ಎದುರಾಡುವವರೂ ಅಪರೂಪ. 2019ರ ಜಾನುವಾರು ಗಣತಿಯ ಪ್ರಕಾರ ಇಡೀ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ, ಅದಕ್ಕೆ ಏಳು ವರ್ಷ ಮೊದಲಿನ ಗಣತಿಗೆ ಹೋಲಿಸಿದರೆ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಇಂಥ ಕಾಲದಲ್ಲಿ ಒಂದು ಮನೆಗೆ ಕುದುರೆ ಹೇಗೆ ಬರುತ್ತದೆ ಎಂಬುದೇ ಮೊದಲು ವಿಚಾರ ಮಾಡಬೇಕಾದ ಸಂಗತಿ.

ಕುದುರೆ ಬರುವುದು ಎತ್ತಿನ ನೆಪದಲ್ಲಿ. ಹನೂರು, ರಾಮಾಪುರ ದಾಟಿ, ಗರಿಕೆಕಂಡಿಯಲ್ಲಿ ಗಡಿ ಹಾಯ್ದು, ಬರಗೂರಿನ ಘಾಟಿ ಇಳಿದರೆ ತಮಿಳುನಾಡಿನ ಅಂದಿಯೂರು ಸಿಗುತ್ತದೆ. ಅಲ್ಲಿನ ಗುರುನಾಥಸ್ವಾಮಿ ಜಾತ್ರೆ ತಮಿಳರ ಆಡಿ ತಿಂಗಳಲ್ಲಿ ನೆರೆಯುತ್ತದೆ. ದನಗಳ ಜೊತೆ ಕುದುರೆಗಳೂ ವ್ಯಾಪಾರವಾಗುವ ದಕ್ಷಿಣದ ದೊಡ್ಡ ಜಾತ್ರೆ ಅದು. ಕಾಠಿಯಾವಾಡಿ, ಮಾರ್ವಾಡಿ ತಳಿಗಳು ಅಲ್ಲಿ ಬಣ್ಣದ ಕುಚ್ಚು ಕಟ್ಟಿಕೊಂಡು ನಿಲ್ಲುತ್ತವೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದರಿಂದ ಇಲ್ಲಿನ ಹಳಬರಿಗೆ ಆ ಜಾತ್ರೆ ಪರದೇಶವಲ್ಲ. ಮನೆಯ ಯಜಮಾನ ಜೋಡಿ ಎತ್ತಿಗೆಂದು ದುಡ್ಡು ಕಟ್ಟಿಕೊಂಡು ಹೊರಡುತ್ತಾನೆ. ಅಲ್ಲಿ ಅವನು ಕುದುರೆಯ ಸುಳಿ ನೋಡುತ್ತಾನೆ, ಹಲ್ಲು ನೋಡುತ್ತಾನೆ. ಕುದುರೆ ಅವನನ್ನು ನೋಡುತ್ತದೆ. ಪೂರ್ವಶಾಸ್ತ್ರ ಗಮನಿಸದೆ ಬಿಟ್ಟದ್ದು ಈ ಎರಡನೆಯ ಪರೀಕ್ಷೆಯನ್ನೇ. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತಾಗುವ ಹೊತ್ತಿಗೆ ದಳ್ಳಾಳಿ ಕಿವಿಯ ಹತ್ತಿರ ಬಂದು ‘ಗಬ್ಬ ಆಗದೆ ಕನಣ್ಣ, ಒಂದರ ದುಡ್ಡಿಗೆ ಎರಡು’ ಎನ್ನುತ್ತಾನೆ. ಎತ್ತಿನ ವಿಚಾರ ಅಲ್ಲಿಗೆ ಮುಗಿಯಿತು. ಸಂಜೆ ಪಿಕಪ್ ಗಾಡಿಯಿಂದ ಇಳಿಯುವ ಪ್ರಾಣಿಯನ್ನು ಕಂಡು ಹೆಂಡತಿ ಆಡುವ ಮಾತು ಪ್ರಬಂಧದ ಮರ್ಯಾದೆಗೆ ಹೊಂದುವುದಿಲ್ಲ.

ಮುಂದಿನದು ಗರ್ಭಗಣನೆ. ಹಸುವಿಗೆ ಒಂಬತ್ತು ತಿಂಗಳು, ಎಮ್ಮೆಗೆ ಹತ್ತು, ಇದು ಅಜ್ಜಿಯರ ಬೆರಳ ತುದಿಯ ಲೆಕ್ಕ. ಕುದುರೆಗೆ ಹೆಚ್ಚುಕಡಿಮೆ ಹನ್ನೊಂದು. ಒಂಬತ್ತು ತುಂಬಿದ ದಿನದಿಂದ ಮನೆಯಲ್ಲಿ ‘ಇವತ್ತೋ ನಾಳೆಯೋ’ ಶುರುವಾಗುತ್ತದೆ, ಎರಡು ತಿಂಗಳು ನಡೆಯುತ್ತದೆ. ಆ ಎರಡು ತಿಂಗಳಲ್ಲಿ ದಳ್ಳಾಳಿಯ ಮಾತು ನಿಜವೇ, ಕುದುರೆ ಬರೀ ಹುರುಳಿ ತಿಂದು ಹೊಟ್ಟೆ ಬೆಳೆಸಿದೆಯೇ ಎಂಬ ವಾದ ಏಳುತ್ತದೆ. ಬೀಗರೂ ಒಂದೊಂದು ಪಕ್ಷ ಹಿಡಿಯುತ್ತಾರೆ. ಕೊನೆಗೆ ಕೆಚ್ಚಲು ತುಂಬಿ, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಾಣಿಸಿಕೊಂಡಾಗ ಸರದಿಯ ಮೇಲೆ ರಾತ್ರಿ ಕಾವಲು ಬೀಳುತ್ತದೆ. ಕುದುರೆ ಸಾಮಾನ್ಯವಾಗಿ ಮರಿ ಹಾಕುವುದು ರಾತ್ರಿ, ಅದೂ ಸದ್ದಡಗಿದ ಮೇಲೆ. ಕಾವಲಿನವನು ಬೀಡಿಗೆ ಬೆಂಕಿ ತರಲು ಒಳಗೆ ಹೋದ ಗಳಿಗೆಯೇ ಅದರ ಮುಹೂರ್ತ. ಕಾವಲಿನ ನಿಜವಾದ ಪ್ರಯೋಜನವೆಂದರೆ ಒಂದು ಸಲ ಎದ್ದು ಹೋಗಲು ಒಬ್ಬನಿರುವುದು.

ಹುಟ್ಟಿದ ಮರಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕಾಲು. ಬೆಳೆದ ಕುದುರೆಗೆ ಬೇಕಾಗುವಷ್ಟು ಉದ್ದದ ಬಹುಪಾಲು ಅದಕ್ಕೆ ಹುಟ್ಟುವಾಗಲೇ ಬಂದಿರುತ್ತದೆ. ಉಳಿದ ದೇಹ ನಿಧಾನವಾಗಿ ಬೆಳೆದು ಅದನ್ನು ಕೂಡಿಕೊಳ್ಳಬೇಕು. ತಾಯಿಯ ಹೊಟ್ಟೆಗೆ ಗಾಯವಾಗದಂತೆ ಗೊರಸಿನ ತುದಿಗೆ ಮೆತ್ತನೆಯ ಬಿಳಿಹಳದಿ ಎಸಳುಗಳ ಹೊದಿಕೆ ಇರುತ್ತದೆ. ನೆಲಕ್ಕೆ ಉಜ್ಜಿ ಅದು ಬೇಗನೆ ಕಳಚಿಹೋಗುತ್ತದೆ. ಮರಿ ಮೊದಲು ಮುಂಗಾಲು ಚಾಚಿ ಕೂರುತ್ತದೆ. ಹಿಂದನ್ನು ಎತ್ತುತ್ತದೆ. ಮುಂದು ಕುಸಿದು ಮೂತಿ ಮಣ್ಣಿಗೆ ತಾಗುತ್ತದೆ. ಆ ಮಣ್ಣನ್ನೇ ನೆಕ್ಕಿ ನೋಡಿ ಮತ್ತೆ ಏಳುತ್ತದೆ. ಈ ಸಲ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ಒಂದೆರಡು ಗಂಟೆಯೊಳಗೆ ನಿಂತು, ಗೋಡೆಯನ್ನೂ ತಾಯಿಯ ಮೊಣಕಾಲನ್ನೂ ಚೀಪಿ ನೋಡಿ, ಕಡೆಗೆ ಕೆಚ್ಚಲು ಹುಡುಕಿಕೊಳ್ಳುತ್ತದೆ. ವರ್ಷ ತುಂಬಿದರೂ ನಡೆಯದ ಮೊಮ್ಮಗನನ್ನು ಈ ಹೊತ್ತಿನಲ್ಲಿ ಸೊಸೆಯ ಎದುರಿಗೆ ನೆನೆಯುವ ಅತ್ತೆ ಎಲ್ಲ ಊರಲ್ಲೂ ಸಿಗುತ್ತಾಳೆ.

ಇಲ್ಲಿ ಗಿಣ್ಣಿನ ಪ್ರಶ್ನೆ ಬರುತ್ತದೆ. ಹಸು ಈದರೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಕೇರಿಗೆ ಹಂಚುವುದು ಇಲ್ಲಿನ ರೂಢಿ. ಕುದುರೆ ಮರಿ ಹಾಕಿದ ಮಾರನೆಯ ಬೆಳಿಗ್ಗೆಯೂ ಮಕ್ಕಳು ಬಟ್ಟಲು ಹಿಡಿದು ಸಾಲು ನಿಲ್ಲುತ್ತವೆ. ಆದರೆ ಕುದುರೆಯ ಮರಿಗೆ ಗರ್ಭದಲ್ಲಿರುವಾಗ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ. ಅದು ಬರುವುದೆಲ್ಲ ಗಿಣ್ಣುಹಾಲಿನಲ್ಲೇ, ಅದೂ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಅಶ್ವಗಿಣ್ಣಿನ ಪ್ರಸ್ತಾಪ ಅಜ್ಜಿಯ ಹಂತದಲ್ಲೇ ತಿರಸ್ಕೃತವಾಗುತ್ತದೆ. ಸತ್ತೆ, ಅಂದರೆ ಮಾಸು, ಬೀಳುವ ವಿಷಯದಲ್ಲೂ ಹಸುವಿನ ಅನುಭವ ಕೆಲಸಕ್ಕೆ ಬಾರದು. ಹಸುವಿಗೆ ಅರ್ಧ ದಿನ ಕಾಯುತ್ತಾರೆ. ಕುದುರೆಗೆ ಮೂರು ಗಂಟೆಯಲ್ಲಿ ಬೀಳದಿದ್ದರೆ ಪಶುವೈದ್ಯರನ್ನು ಎಬ್ಬಿಸಲೇಬೇಕು. ಈ ಒಂದು ವಾಕ್ಯದಲ್ಲಿ ಮಾತ್ರ ಪ್ರಬಂಧಕ್ಕೆ ತಮಾಷೆಯ ಉದ್ದೇಶವಿಲ್ಲ.

ಮರಿ ಎದ್ದು ನಿಂತ ದಿನದಿಂದ ಮನೆಯ ಶ್ರೇಣಿ ಬದಲಾಗುತ್ತದೆ. ಅದಕ್ಕೆ ಎಂಥ ಹೆಸರಿಟ್ಟರೂ ಕರೆಯುವುದು ‘ಕೂಸು’ ಎಂದೇ. ಮೊದಲ ವಾರಗಳಲ್ಲಿ ಮರಿ ಗಂಟೆಗೆ ಹಲವು ಸಲ ಹಾಲಿಗೆ ಬಾಯಿ ಹಾಕುವುದರಿಂದ ‘ಕೂಸು ಕುಡೀತಾ?’ ಎಂಬ ಪ್ರಶ್ನೆಗೆ ದಿನವಿಡೀ ಬಿಡುವಿಲ್ಲ. ಬೆಂಗಳೂರಿಂದ ಫೋನ್ ಮಾಡಿದ ಮಗ ಇದನ್ನು ಕೇಳಿ ಯಾವ ಕೂಸು ಎಂದು ಗಾಬರಿಯಾಗುವುದುಂಟು. ಯಜಮಾನ ಊಟ ಮಾಡಿದನೇ ಎಂದು ಕೇಳುವವರು ಈ ಅವಧಿಯಲ್ಲಿ ಇರುವುದಿಲ್ಲ. ಇದು ಮರಿಗುದುರೆ ಇರುವ ಮನೆಯ ಪ್ರಥಮ ಲಕ್ಷಣ.

ದ್ವಿತೀಯ ಲಕ್ಷಣ, ಮೊಣಕೈ ಎತ್ತರಕ್ಕಿಂತ ಕೆಳಗೆ ಯಾವ ಸಾಮಾನೂ ಇಲ್ಲದಿರುವುದು. ಮುಂದಿನ ಹಾಲುಹಲ್ಲು ವಾರದ ಸುಮಾರಿಗೆ, ಅದರ ಪಕ್ಕದವು ಒಂದೂವರೆ ಎರಡು ತಿಂಗಳಿಗೆ, ಮೂಲೆಯವು ಎಂಟು ತಿಂಗಳ ಆಸುಪಾಸಿಗೆ ಹುಟ್ಟುತ್ತವೆ. ಹುಟ್ಟಿದ ಹಲ್ಲಿಗೆ ಪರೀಕ್ಷೆ ಬೇಕು. ಒಗೆದು ಹಾಕಿದ ಲುಂಗಿ, ಪೊರಕೆ, ಸ್ಕೂಲ್ ಬ್ಯಾಗಿನ ಪಟ್ಟಿ, ಆಧಾರ್ ಜೆರಾಕ್ಸ್ ಯಾವುದಕ್ಕೂ ವಿನಾಯಿತಿಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ತುಳಿಯದಂತೆ ಅರವತ್ತನಾಲ್ಕು ಮನೆಗೂ ನಡೆಸುವ ವಿನ್ಯಾಸಗಳಿಗೆ ಹೆಸರಾದವರು. ಅಂಗಳಕ್ಕೆ ಬಿಟ್ಟ ಮರಿಯೂ ಹಾಗೆಯೇ ಎರಡು ಹೆಜ್ಜೆ ನೆಟ್ಟಗೆ, ಒಂದು ಹೆಜ್ಜೆ ಅಡ್ಡಕ್ಕೆ ನೆಗೆಯುತ್ತ, ಒಂದು ಪಾತ್ರೆಯನ್ನೂ ಬಿಡದೆ ಉರುಳಿಸಿ ಬರುತ್ತದೆ. ಇದರ ನಡುವೆ ಅದು ತಾಯಿಯ ಲದ್ದಿಯನ್ನೂ ತಿನ್ನುತ್ತದೆ. ಮೇವು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಕರುಳು ಸೇರುವುದು ಹೀಗೆಯೇ ಎಂದು ಪಶುವೈದ್ಯರು ಹೇಳುತ್ತಾರೆ. ಅಜ್ಜಿ ಒಪ್ಪುವುದಿಲ್ಲ. ಬಾಯಿ ತೊಳೆಸಿ ದೃಷ್ಟಿ ತೆಗೆಯುತ್ತಾಳೆ.

ಪ್ರಾಣಿಯೊಂದು ಮನೆಯನ್ನು ಆಳುವುದು ಈ ಸೀಮೆಗೆ ಹೊಸತೇನೂ ಅಲ್ಲ ಎಂಬ ಆಕ್ಷೇಪ ಬರಬಹುದು. ಕೊಳ್ಳೇಗಾಲದ ರೇಷ್ಮೆ ಹೆಸರಾದದ್ದು; ಹುಳ ಸಾಕುವ ಮನೆಯಲ್ಲಿ ಹುಳ ಪೊರೆ ಬಿಡುವ ಜ್ವರಕ್ಕೆ ಕೂತರೆ ಎಲ್ಲರೂ ಮೆಲ್ಲಗೆ ನಡೆಯುತ್ತಾರೆ, ಹುಳ ಹಣ್ಣಾದರೆ ಮದುವೆಯೂಟ ಬಿಟ್ಟು ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡಲು ಓಡಿ ಬರುತ್ತಾರೆ. ಆಕ್ಷೇಪ ಸರಿಯೇ, ಆದರೆ ಪೂರ್ತಿ ಸರಿಯಲ್ಲ. ಹುಳ ನಾಲ್ಕು ಜ್ವರ ಕಳೆದು ತಿಂಗಳೊಳಗೆ ಗೂಡು ಕಟ್ಟುತ್ತದೆ, ಮಾರುಕಟ್ಟೆಗೆ ಹೋಗಿ ದುಡ್ಡು ತರುತ್ತದೆ. ಮರಿಗೆ ಅಂಥ ಪಂಚಾಂಗವಿಲ್ಲ. ಮರಿ ಗೂಡನ್ನೂ ಕಟ್ಟುವುದಿಲ್ಲ.

ಮರಿಯ ಸಾಮಾಜಿಕ ನಡವಳಿಕೆಯಲ್ಲಿ ಹೆಚ್ಚು ಗಮನಾರ್ಹವಾದುದು ಅದರ ವಿನಯ. ದೊಡ್ಡ ಕುದುರೆಯೊಂದು ಎದುರಿಗೆ ಬಂದರೆ ಕತ್ತು ಚಾಚಿ, ತುಟಿಯ ಮೂಲೆ ಹಿಂದಕ್ಕೆಳೆದು, ದವಡೆಯನ್ನು ಟಪಟಪ ತೆರೆದು ಮುಚ್ಚುತ್ತದೆ. ‘ನಾನಿನ್ನೂ ಚಿಕ್ಕವನು, ಹೊಡೆಯಬೇಡಿ’ ಎಂಬುದು ಅದರ ಅರ್ಥ. ಕುದುರೆ ಸಿಗದ ಊರಿನಲ್ಲಿ ಅದು ಎಮ್ಮೆಗೂ ಹೀಗೆ ಮಾಡಿ ತೋರಿಸುವುದುಂಟು. ಎಮ್ಮೆಯ ಪ್ರತಿಕ್ರಿಯೆಯ ಬಗ್ಗೆ ಬರೆಯಲು ಏನೂ ಇಲ್ಲ.

ಮನೆಯ ಹೊರಗೆ ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯೇ ನಿಯಮ. ಅದುವರೆಗೆ ನಡೆದುಕೊಂಡೇ ಓಡಾಡುತ್ತಿದ್ದ ನೆಂಟರಿಷ್ಟರಿಗೆಲ್ಲ ಕಾಲು ನೋಯಲು ತೊಡಗುತ್ತದೆ. ಬಸವ ಜಯಂತಿ, ಕೆಂಪೇಗೌಡ ಜಯಂತಿಯ ಸಮಿತಿಯವರು ಹುಡುಕಿಕೊಂಡು ಬರುತ್ತಾರೆ. ಅಶ್ವಾರೂಢರಾದ ಮಹನೀಯರಿಗೆ ಕುದುರೆಯಿಲ್ಲದ ಮೆರವಣಿಗೆ ಒಪ್ಪುವುದಿಲ್ಲ. ಬೇಡಿಕೆ ತಾಯಿಗೆ, ಆದರೆ ಮರಿಯನ್ನು ಬಿಟ್ಟು ತಾಯಿ ಹೆಜ್ಜೆ ಎತ್ತದು. ಹೀಗಾಗಿ ಪೇಟ ಸುತ್ತಿ, ಕತ್ತಿ ಹಿಡಿದು, ಮೀಸೆ ಅಂಟಿಸಿಕೊಂಡು ಕೂತ ಹುಡುಗನ ಪಕ್ಕದಲ್ಲೇ ಮರಿಯೂ ಹೊರಡುತ್ತದೆ. ನಡುಬೀದಿಯಲ್ಲಿ ಅದಕ್ಕೆ ಹಸಿವಾಗುತ್ತದೆ. ಮೆರವಣಿಗೆ ನಿಲ್ಲುತ್ತದೆ. ತಮಟೆಯವರು ನಿಂತಲ್ಲೇ ಬಾರಿಸುತ್ತಾರೆ, ಹಿಂದೆ ಎರಡು ಟ್ರ್ಯಾಕ್ಟರು ಹಾರನ್ ಹಾಕುತ್ತವೆ, ಭಾಷಣಕ್ಕೆ ಬಂದ ಅತಿಥಿ ಗಡಿಯಾರ ನೋಡುತ್ತಾರೆ, ಮಹಾಪುರುಷ ಮೇಲೆ ಕೂತು ಮೀಸೆ ಒತ್ತಿಕೊಳ್ಳುತ್ತಾನೆ. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿದು, ಬಾಲ ಆಡಿಸಿ, ಸಾಕೆನಿಸಿದ ಮೇಲೆ ಮೆರವಣಿಗೆ ಮುಂದುವರಿಯುತ್ತದೆ.

ಕೊನೆಯದಾಗಿ ಸರ್ಕಾರದ ದೃಷ್ಟಿಯಲ್ಲಿ ಮರಿ ಏನು ಎಂಬ ತಾತ್ತ್ವಿಕ ಪ್ರಶ್ನೆ. ಕೆಆರ್‌ಎಸ್ ಮತ್ತು ಕಬಿನಿಯಿಂದ ಒಟ್ಟಿಗೆ ನೀರು ಬಿಟ್ಟ ವರ್ಷ ಮುಳ್ಳೂರು, ದಾಸನಪುರದ ಕಡೆ ಹೊಳೆ ಗದ್ದೆಗೆ ನುಗ್ಗುತ್ತದೆ. ಜನ ಕಾಳಜಿ ಕೇಂದ್ರಕ್ಕೆ, ದನ ಎತ್ತರದ ಜಾಗಕ್ಕೆ. ವಿಪತ್ತಿನಲ್ಲಿ ಸತ್ತ ಜಾನುವಾರಿಗೆ ಕೊಡುವ ಪರಿಹಾರದ 2022–26ರ ಕೇಂದ್ರ ಮಾನದಂಡದಲ್ಲಿ ಕುದುರೆ ಒಂಟೆ, ಎತ್ತುಗಳ ಸಾಲಿನಲ್ಲಿತ್ತು, 32,000 ರೂಪಾಯಿ. ಕರು, ಕತ್ತೆ, ತಟ್ಟು, ಹೇಸರಗತ್ತೆಗಳಿಗೆ 20,000. ಕುದುರೆ ಮರಿ ಎಂಬ ಪದ ಅಲ್ಲಿರಲಿಲ್ಲ. ಅದು ಕರುವೋ ತಟ್ಟುವೋ ಸಣ್ಣ ಕುದುರೆಯೋ ಎಂಬುದರ ಮೇಲೆ ಮೂರು ಸಿದ್ಧಾಂತಗಳು ಸಾಧ್ಯ. ಹೊಳೆ ಏರುವ ರಾತ್ರಿ ಇದನ್ನು ಚರ್ಚಿಸುವ ಮನೆ ಮಾತ್ರ ಇರಲಾರದು. ಅಂಥ ರಾತ್ರಿ ಎಲ್ಲರಿಗಿಂತ ಮೊದಲು ಎತ್ತರಕ್ಕೆ ಹತ್ತಿಸುವುದು ಕೂಸನ್ನು. ರೇಷನ್ ಕಾರ್ಡು ಆಮೇಲೆ.

ನಾಲ್ಕರಿಂದ ಆರು ತಿಂಗಳಿಗೆ ಮರಿಯನ್ನು ಹಾಲು ಬಿಡಿಸುತ್ತಾರೆ. ತಾಯಿಯನ್ನು ಕಣ್ಣಿಗೆ ಕಾಣದ ಕಡೆ ಕಟ್ಟಿದರೆ ಎರಡೂ ಕೆಲವು ದಿನ ಕೆನೆದು ಸುಮ್ಮನಾಗುತ್ತವೆ. ಮುಂದಿನ ಆಡಿಗೆ ಅಂದಿಯೂರಿಗೆ ಹೊಡೆದುಕೊಂಡು ಹೋಗಿ ಮಾರುವ ಮಾತು ಯಜಮಾನನ ಬಾಯಲ್ಲಿ ವರ್ಷವಿಡೀ ಇರುತ್ತದೆ, ಜಾತ್ರೆ ಬಂದು ಹೋಗುತ್ತದೆ. ಎಲುಬು ಗಟ್ಟಿಯಾಗಿ ಸವಾರಿಗೋ ಗಾಡಿಗೋ ಒಗ್ಗಬೇಕಾದರೆ ಮರಿಗೆ ಮೂರು ವರ್ಷವಾದರೂ ತುಂಬಬೇಕು. ಅಲ್ಲಿಯವರೆಗೆ ಆ ಮನೆಯಲ್ಲಿ ಹೊರೆ ಹೊರುವ ಕೆಲಸ ಮನೆಯವರದು.